ಸ್ನಾತಕೋತ್ತರ ಪದವಿ: ಪ್ರವೇಶದಿಂದ ಪೂರ್ಣತೆಯವರೆಗೆ

ಅಧ್ಯಯನವನ್ನು ಆರಂಭಿಸುವುದಕ್ಕೆ ಸಂಕಲ್ಪ ಸಾಕು. ಅದನ್ನು ಕೊನೆಮುಟ್ಟಿಸುವುದಕ್ಕೆ ನಿಷ್ಠೆ ಬೇಕು. ಗದಗ ತಾಲೂಕಿನ ಅಸುಂಡಿಯಂತಹ ಗ್ರಾಮದಿಂದ ಎಂ.ಎ. ಓದಲು ಹೊರಡುವ ವಿದ್ಯಾರ್ಥಿಯು ತನ್ನ ಮನೆತನದಲ್ಲಿ ಆ ಮಟ್ಟದ ಓದಿಗೆ ಮೊದಲಿಗನಾಗಿದ್ದರೆ, ವಿಶ್ವವಿದ್ಯಾಲಯದ ನಿಯಮಗಳನ್ನು ತಿಳಿಸಿ ಹೇಳುವ ಹಿರಿಯರು ಅವನಿಗೆ ಮನೆಯಲ್ಲಿ ದೊರೆಯುವುದಿಲ್ಲ. ಬುದ್ಧಿಯಿದ್ದೂ, ಶ್ರಮವಿದ್ದೂ, ನಿಯಮದ ಅರಿವಿಲ್ಲದ ಒಂದೇ ಕಾರಣದಿಂದ ಪದವಿ ಕೈತಪ್ಪುವುದುಂಟು. ಆದುದರಿಂದ ಈ ಪದವಿಯು ಪೂರ್ಣವಾಗುವ ಬಗೆಯನ್ನು ಅರಿಯುವುದು ಅವಶ್ಯ.

ಈ ಭಾಗದವರಿಗೆ ಉನ್ನತ ಶಿಕ್ಷಣವು ಸುಲಭವಾಗಿ ಒದಗಿಬಂದುದಲ್ಲ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದರೂ ಅದು ಮುಂಬಯಿ ವಿಶ್ವವಿದ್ಯಾಲಯದ ಆಡಳಿತಕ್ಕೆ ಒಳಪಟ್ಟಿತ್ತು. ಕನ್ನಡವನ್ನೇ ವಿಷಯವಾಗಿ ಇರಿಸಿಕೊಂಡ ಎಂ.ಎ. ತರಗತಿ 1927ರಲ್ಲಿ ಮೈಸೂರಿನಲ್ಲಿ ಮೊದಲಾಯಿತು. ಕುವೆಂಪು ಅವರು 1929ರಲ್ಲಿ ಅಲ್ಲಿಂದ ಆ ಪದವಿ ಪಡೆದರು. 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯವು ಮರುವರ್ಷ ಧಾರವಾಡದಲ್ಲಿ ನೆಲೆಗೊಂಡ ಮೇಲೆ ಉತ್ತರ ಕರ್ನಾಟಕದ ವಿದ್ಯಾರ್ಥಿಗಳಿಗೆ ಸ್ನಾತಕೋತ್ತರ ವ್ಯಾಸಂಗವು ಹತ್ತಿರವಾಯಿತು. ಗದಗಿನಿಂದ ಧಾರವಾಡಕ್ಕೆ ಸುಮಾರು 80 ಕಿಲೋಮೀಟರು ಹಾದಿ. 2016ರ ಕಾಯಿದೆಯನ್ವಯ ಗದಗಿನಲ್ಲಿಯೇ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವು ಸ್ಥಾಪನೆಯಾಗಿರುವುದರಿಂದ, ಕೆಲವು ವಿಷಯಗಳ ಮಟ್ಟಿಗೆ ಆ ಹಾದಿಯೂ ಕಡಿಮೆಯಾಗಿದೆ.

ಹಿಂದಿನ ಕ್ರಮದಲ್ಲಿ ವರ್ಷದ ಕೊನೆಯ ಪರೀಕ್ಷೆಯೇ ಪ್ರಧಾನವಾಗಿತ್ತು. ವರ್ಷವೆಲ್ಲ ಅಲಕ್ಷ್ಯದಿಂದಿದ್ದವನು ಕೊನೆಯ ಎರಡು ತಿಂಗಳು ಹಗಲಿರುಳು ಓದಿ ತೇರ್ಗಡೆಯಾಗುವ ಸಾಧ್ಯತೆ ಅಲ್ಲಿತ್ತು. ಇಂದಿನ ಸೆಮಿಸ್ಟರ್ ಕ್ರಮದಲ್ಲಿ ಅದಕ್ಕೆ ಅವಕಾಶವಿಲ್ಲ. ಮೂರು ವರ್ಷದ ಪದವಿ ಮುಗಿಸಿದವರಿಗೆ ಎಂ.ಎ. ಎರಡು ವರ್ಷದ್ದು, ಅಂದರೆ ನಾಲ್ಕು ಸೆಮಿಸ್ಟರಿನದು. ಪ್ರತಿ ಸೆಮಿಸ್ಟರಿನಲ್ಲಿಯೂ ಕಡ್ಡಾಯ ಪತ್ರಿಕೆಗಳು, ಐಚ್ಛಿಕ ಪತ್ರಿಕೆಗಳು ಇರುತ್ತವೆ. ಅನ್ಯ ವಿಭಾಗದಿಂದ ಆಯ್ದುಕೊಳ್ಳಬೇಕಾದ ಮುಕ್ತ ಐಚ್ಛಿಕವೂ ನಡುವೆ ಬರುತ್ತದೆ. ಸ್ವಂತ ವಿಷಯದಲ್ಲಿ ಎಷ್ಟೇ ಉತ್ತಮ ಅಂಕಗಳಿದ್ದರೂ ಗೊತ್ತುಪಡಿಸಿದ ಈ ಪತ್ರಿಕೆಗಳಲ್ಲಿ ಒಂದು ಉಳಿದರೆ ಪದವಿಯೂ ಉಳಿಯುತ್ತದೆ.

ಪತ್ರಿಕೆಯ ತೂಕವನ್ನು ಸೂಚಿಸುವ ಅಳತೆಗೆ ಕ್ರೆಡಿಟ್ ಎಂದು ಹೆಸರು. ಸೆಮಿಸ್ಟರಿನುದ್ದಕ್ಕೂ ವಾರಕ್ಕೆ ಒಂದು ಗಂಟೆಯ ಪಾಠ ನಡೆದರೆ ಅದು ಒಂದು ಕ್ರೆಡಿಟ್. ಇದರ ಅರ್ಥವು ಹಾಜರಿಯ ಲೆಕ್ಕದಲ್ಲಿ ಸ್ಪಷ್ಟವಾಗುತ್ತದೆ. ನಾಲ್ಕು ಕ್ರೆಡಿಟ್ಟಿನ ಪತ್ರಿಕೆಗೆ 16 ವಾರಗಳಲ್ಲಿ 64 ಗಂಟೆಗಳ ಪಾಠ ನಡೆಯುತ್ತದೆಂದು ಇಟ್ಟುಕೊಳ್ಳೋಣ. ಸಾಮಾನ್ಯವಾಗಿ ವಿಧಿಸಲಾಗುವ ಶೇ. 75ರ ಹಾಜರಿಗೆ 48 ಗಂಟೆ ಕುಳಿತಿರಲೇಬೇಕು. ತಪ್ಪಿಸಬಹುದಾದುದು 16 ಗಂಟೆ ಮಾತ್ರ, ಎಂದರೆ ನಾಲ್ಕು ವಾರ. ಜೋಳ, ಕಡಲೆಯ ಸುಗ್ಗಿಗೆಂದು ಊರಿಗೆ ಬಂದ ರೈತನ ಮಗನು ಐದನೆಯ ವಾರವೂ ಹೊಲದಲ್ಲಿಯೇ ನಿಂತರೆ, ಪರೀಕ್ಷೆಗೆ ಕೂಡ್ರುವ ಅರ್ಹತೆಯನ್ನೇ ಕಳೆದುಕೊಳ್ಳಬಹುದು. ಹೊಲದ ಕಾಯಕವು ಹಿರಿದೇ ಸರಿ. ಆದರೆ ಹಾಜರಿ ಪುಸ್ತಕಕ್ಕೆ ಅದು ತಿಳಿಯದು. ಮನೆಯ ಹಿರಿಯರು ಈ ಲೆಕ್ಕವನ್ನು ಮೊದಲೇ ಅರಿತು ಮಗನನ್ನೋ ಮಗಳನ್ನೋ ಕರೆಯಿಸುವ ದಿನಗಳನ್ನು ನಿಶ್ಚಯಿಸುವುದು ಲೇಸು.

ಹಾಜರಿಯ ಜೊತೆಗೆ ಆಂತರಿಕ ಮೌಲ್ಯಮಾಪನವಿದೆ. ಕಿರುಪರೀಕ್ಷೆ, ನಿಬಂಧ, ವಿಚಾರಗೋಷ್ಠಿಯ ಮಂಡನೆ ಇವುಗಳ ಅಂಕಗಳು ಸೆಮಿಸ್ಟರಿನ ನಡುವೆಯೇ ಸಂಗ್ರಹವಾಗುತ್ತವೆ. ಮುಖ್ಯ ಪರೀಕ್ಷೆಯಲ್ಲಿ ಅನುತ್ತೀರ್ಣನಾದವನು ಅದನ್ನು ಮತ್ತೆ ಬರೆಯಬಹುದು. ಕಳೆದುಹೋದ ಆಂತರಿಕ ಅಂಕಗಳನ್ನು ಮರಳಿ ಗಳಿಸುವುದು ಕಷ್ಟ. ಉಳಿದ ಪತ್ರಿಕೆಗಳನ್ನು ಮುಗಿಸಲು ಗರಿಷ್ಠ ಕಾಲಾವಧಿಯೂ ಇರುತ್ತದೆಂಬುದನ್ನು ಮರೆಯಬಾರದು. ಕೇವಲ ತೇರ್ಗಡೆಯಾದರೆ ಸಾಕೆಂಬ ಭಾವವೂ ಹಾನಿಕರ. ಉಪನ್ಯಾಸಕ ವೃತ್ತಿಗೆ ದಾರಿಯಾದ ರಾಷ್ಟ್ರೀಯ ಅರ್ಹತಾ ಪರೀಕ್ಷೆಗೆ ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 55, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮೊದಲಾದ ಮೀಸಲು ವರ್ಗದವರಿಗೆ ಶೇ. 50 ಅಂಕಗಳು ಬೇಕು.

ಕಿರುಪ್ರಬಂಧವಿರುವ ಕಡೆ ಅದು ವಿದ್ಯಾರ್ಥಿಯ ನಿಜವಾದ ಒರೆಗಲ್ಲು. ಇಲ್ಲಿ ಎಡವುವುದು ವಿಷಯದ ವಿಸ್ತಾರದಿಂದಲೇ. ‘ಶರಣರ ಸಾಹಿತ್ಯ’ ಎಂಬುದು ಒಂದು ಜೀವಮಾನದ ಕಾರ್ಯ. ಅದು ಒಂದು ಸೆಮಿಸ್ಟರಿಗೆ ಒಗ್ಗದು. ಗದಗಿನ ಸಮೀಪದ ಲಕ್ಕುಂಡಿಯೊಡನೆ ಪರಂಪರೆಯು ಜೋಡಿಸುವ ಮುಕ್ತಾಯಕ್ಕನನ್ನು ತೆಗೆದುಕೊಂಡು, ಅಣ್ಣ ಅಜಗಣ್ಣನ ಹೆಸರನ್ನೇ ಅಂಕಿತದಲ್ಲಿರಿಸಿ ಆಕೆ ನುಡಿದ ವಚನಗಳಲ್ಲಿ ಶೋಕವು ಅರಿವಾಗಿ ಮಾರ್ಪಡುವ ಬಗೆಯನ್ನು ಮಾತ್ರ ಪರಿಶೀಲಿಸಿದರೆ ಕೆಲಸವು ಕೈಗೆಟಕುತ್ತದೆ. ಆಗಲೂ ಒಂದೇ ಮುದ್ರಿತ ಪುಸ್ತಕವನ್ನು ನಂಬಿ ಕೂಡ್ರಲಾಗದು. ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಕು ಕಂಡಿತು, ಸಮಗ್ರ ವಚನ ಸಂಪುಟಗಳು 1993ರಲ್ಲಿ 15 ಸಂಪುಟಗಳಾಗಿ ಹೊರಬಂದವು. ವಚನಗಳ ಪಾಠವನ್ನು ಬೇರೆ ಬೇರೆ ಆವೃತ್ತಿಗಳಲ್ಲಿ ಹೋಲಿಸಿ, ಅಂಕಿತವನ್ನು ಪರೀಕ್ಷಿಸಿ, ಎರವಲು ಪಡೆದ ಮಾತಿಗೆ ಮೂಲವನ್ನು ತೋರಿಸಿದ ಬರಹವೇ ಪ್ರಬಂಧ. ಅನ್ಯರ ಬರಹವನ್ನು ತನ್ನದೆಂದು ಒಪ್ಪಿಸುವುದು ನಿಯಮಕ್ಕೂ ವಿರುದ್ಧ, ನಡೆನುಡಿ ಒಂದಾಗಿರಬೇಕೆಂದ ಶರಣರನ್ನು ಓದುವವನಿಗೆ ಇನ್ನೂ ವಿರುದ್ಧ.

ಇವೆಲ್ಲ ಮುಗಿದ ಮೇಲೆ ಅಂಕಪಟ್ಟಿಗಳನ್ನು ಪಡೆದು, ಬಾಕಿಗಳನ್ನು ತೀರಿಸಿ, ಘಟಿಕೋತ್ಸವಕ್ಕೆ ನಿಗದಿತ ಅವಧಿಯಲ್ಲಿ ಅರ್ಜಿ ಸಲ್ಲಿಸಬೇಕು. ನಿಯಮಗಳು ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ, ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಪ್ರವೇಶದ ದಿನವೇ ಆ ವರ್ಷದ ನಿಯಮಾವಳಿಯನ್ನು ವಿಭಾಗದಿಂದ ಪಡೆದು ಓದಿಕೊಳ್ಳುವುದು ವಿದ್ಯಾರ್ಥಿಯ ಮೊದಲ ಪಾಠವಾಗಬೇಕು. ಪಠ್ಯವನ್ನು ಗುರುಗಳು ತಿಳಿಸಿಯಾರು. ಪ್ರತಿ ವಾರದ ಹಾಜರಿಯನ್ನೂ ಪ್ರತಿ ಸೆಮಿಸ್ಟರಿನ ಬಾಕಿಯನ್ನೂ ವಿದ್ಯಾರ್ಥಿಯೇ ಎಣಿಸಿಕೊಳ್ಳಬೇಕು.