ಮೇಕೆಯ ಚೀಸು ಮತ್ತು ಮುಂಗಡದ ಪಾಲು

ಅಂಗಡಿಗೆ ಹೋಗಿ ಹಣ ಕೊಟ್ಟು ಪದಾರ್ಥವನ್ನು ಕೈಗೆ ಪಡೆಯುವುದು ನಮಗೆಲ್ಲರಿಗೂ ಪರಿಚಿತವಾದ ವ್ಯಾಪಾರ. ಪದಾರ್ಥವು ಇನ್ನೂ ಹುಟ್ಟಿಯೇ ಇಲ್ಲದಿರುವಾಗ, ಅದು ಎಷ್ಟು ದೊರೆಯುವುದೆಂಬುದು ಯಾರಿಗೂ ಗೊತ್ತಿಲ್ಲದಿರುವಾಗ, ಹಣವನ್ನು ಮುಂಗಡವಾಗಿ ತೆರುವ ವ್ಯಾಪಾರವೂ ಒಂದುಂಟು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕೆಲವು ಸಣ್ಣ ರೈತರು ಮೇಕೆಯ ಹಾಲಿನಿಂದ ಮಾಡಿದ ಚೀಸನ್ನು ಹೀಗೆಯೇ ಮಾರುತ್ತಾರೆ. ಮೇಲುನೋಟಕ್ಕೆ ಇದು ಅರ್ಥಶಾಸ್ತ್ರಕ್ಕೆ ಸೇರಿದ ವಿಷಯ. ಆದರೆ ಇಂಥ ಏರ್ಪಾಡು ಏಕೆ ಬೇಕಾಯಿತೆಂದು ವಿಚಾರಿಸಹೊರಟರೆ, ಭೂಮಿಯ ಅಕ್ಷದ ಓರೆಯಿಂದ ಹಿಡಿದು ಹಾಲಿನ ಕಣಗಳ ವಿದ್ಯುದಂಶದವರೆಗೆ ಹಲವು ಸಂಗತಿಗಳನ್ನು ನಾವು ತಿಳಿಯಬೇಕಾಗುತ್ತದೆ.

ಪಾಲು ಎಂದರೇನು?

ಈ ಏರ್ಪಾಡಿನಲ್ಲಿ ಊರಿನ ಹಲವು ಕುಟುಂಬಗಳು ಒಬ್ಬ ರೈತನ ಒಂದು ಋತುವಿನ ಉತ್ಪನ್ನದಲ್ಲಿ ಪಾಲುದಾರರಾಗುತ್ತವೆ. ಋತುವಿನ ಆರಂಭಕ್ಕೆ ಮೊದಲೇ ಪಾಲಿನ ಹಣ ಸಲ್ಲುತ್ತದೆ. ಅನಂತರ ವಾರಕ್ಕೊಮ್ಮೆ, ಗೊತ್ತಾದ ದಿನ, ಗೊತ್ತಾದ ಸ್ಥಳದಲ್ಲಿ ತಮ್ಮ ಭಾಗವನ್ನು ಪಡೆಯುತ್ತಾರೆ. ಅಮೆರಿಕದಲ್ಲಿ ಈ ಪದ್ಧತಿ 1986ರಲ್ಲಿ ಎರಡು ಕಡೆ ಪ್ರಾರಂಭವಾಯಿತು: ಮ್ಯಾಸಚೂಸೆಟ್ಸ್ ರಾಜ್ಯದ ಇಂಡಿಯನ್ ಲೈನ್ ಫಾರ್ಮ್ ಒಂದು, ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಟೆಂಪಲ್-ವಿಲ್ಟನ್ ಕಮ್ಯೂನಿಟಿ ಫಾರ್ಮ್ ಇನ್ನೊಂದು. ಜಪಾನಿನಲ್ಲಿ 1970ರ ದಶಕದಲ್ಲಿಯೇ ರೈತರೂ ಗ್ರಾಹಕರೂ ‘ತೇಕೆಯಿ’ ಎಂಬ ಹೆಸರಿನಿಂದ ಇಂಥದೇ ಒಡಂಬಡಿಕೆಗಳನ್ನು ಮಾಡಿಕೊಂಡಿದ್ದರು. ಪಾಲಿನಲ್ಲಿ ಮುಖ್ಯವಾಗಿ ದೊರೆಯುವುದು ತರಕಾರಿ; ಹಾಲು, ಮೊಟ್ಟೆ, ಚೀಸುಗಳನ್ನೂ ಹೀಗೆ ಹಂಚುವವರುಂಟು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಪಾಲುದಾರನು ಕೊಳ್ಳುವುದು ಇಷ್ಟು ಗ್ರಾಂ ಚೀಸೆಂಬ ನಿಶ್ಚಿತ ತೂಕವನ್ನಲ್ಲ. ಒಟ್ಟು ಉತ್ಪನ್ನದ ಒಂದು ಭಾಗವನ್ನು. ಲೆಕ್ಕಕ್ಕಾಗಿ ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ರೈತನೊಬ್ಬನಲ್ಲಿ 20 ಮೇಕೆಗಳಿವೆ. ಪಾಲುದಾರರು 100 ಮಂದಿ. ವಸಂತದಲ್ಲಿ ಒಂದೊಂದು ಮೇಕೆಯೂ ದಿನಕ್ಕೆ ಎರಡೂವರೆ ಲೀಟರಿನಂತೆ ಹಾಲು ಕೊಟ್ಟರೆ ವಾರಕ್ಕೆ 350 ಲೀಟರ್ ಆಯಿತು. ಒಂದು ಕಿಲೋಗ್ರಾಂ ಮೆದು ಚೀಸಿಗೆ ಆರು ಲೀಟರ್ ಹಾಲು ಬೇಕೆಂದಿಟ್ಟುಕೊಂಡರೆ ಸುಮಾರು 58 ಕಿಲೋಗ್ರಾಂ ಚೀಸಾಗುತ್ತದೆ. ಪಾಲಿಗೆ 580 ಗ್ರಾಂ ಬಂದಂತಾಯಿತು. ಶರತ್ಕಾಲದ ಕೊನೆಯಲ್ಲಿ ಹಾಲು ದಿನಕ್ಕೆ ಒಂದು ಲೀಟರಿಗೆ ಇಳಿದರೆ, ಅದೇ ಪಾಲಿಗೆ 230 ಗ್ರಾಂ ಮಾತ್ರ. (ಹಾಲು ಬತ್ತುವ ಕಾಲ ಸಮೀಪಿಸಿದಂತೆ ಅದರಲ್ಲಿ ಘನಾಂಶವು ಹೆಚ್ಚುವುದರಿಂದ ವಾಸ್ತವವಾಗಿ ತುಸು ಹೆಚ್ಚೇ ದೊರೆಯಬಹುದು.) ತೆತ್ತ ಹಣ ಒಂದೇ, ಪಡೆದ ತೂಕ ಬೇರೆ. ಇದನ್ನು ಅರಿಯದೆ ಪಾಲು ಕೊಂಡವನು ರೈತನು ಮೋಸಮಾಡಿದನೆಂದೇ ಭಾವಿಸಿಯಾನು.

ಹಗಲಿನ ಉದ್ದ ಮತ್ತು ಹಾಲಿನ ಹರಿವು

ಹಾಲಿನಲ್ಲಿ ಇಷ್ಟು ಏರುಪೇರು ಏತಕ್ಕೆ? ಭೂಮಿಯ ಅಕ್ಷವು ಸುಮಾರು ಇಪ್ಪತ್ತಮೂರೂವರೆ ಡಿಗ್ರಿ ಓರೆಯಾಗಿರುವುದರಿಂದ, ಸಮಭಾಜಕ ವೃತ್ತದಿಂದ ದೂರ ಹೋದಂತೆಲ್ಲ ಹಗಲಿನ ಉದ್ದದಲ್ಲಿ ಋತುವಿನಿಂದ ಋತುವಿಗೆ ವ್ಯತ್ಯಾಸ ಹೆಚ್ಚುತ್ತದೆ. 42 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಮ್ಯಾಸಚೂಸೆಟ್ಸಿನಲ್ಲಿ ಜೂನ್ ತಿಂಗಳ ದೀರ್ಘ ಹಗಲು 15 ಗಂಟೆಗಳನ್ನು ಮೀರುತ್ತದೆ. ಡಿಸೆಂಬರಿನ ಹ್ರಸ್ವ ಹಗಲು ಸುಮಾರು 9 ಗಂಟೆಗಳಿಗೆ ಇಳಿಯುತ್ತದೆ.

ಆ ಸಮಶೀತೋಷ್ಣ ವಲಯದ ಮೇಕೆಗಳಿಗೆ ಈ ಬದಲಾವಣೆಯೇ ಪಂಚಾಂಗ. ಇರುಳು ಬೆಳೆದಂತೆ ಮಿದುಳಿನಲ್ಲಿರುವ ಪೀನಿಯಲ್ ಗ್ರಂಥಿಯು ಮೆಲಟೋನಿನ್ ಎಂಬ ಹಾರ್ಮೋನನ್ನು ಹೆಚ್ಚು ಹೊತ್ತು ಸ್ರವಿಸುತ್ತದೆ. ಅದರ ಪ್ರೇರಣೆಯಿಂದ ಶರತ್ಕಾಲದಲ್ಲಿ ಅವು ಬೆದೆಗೆ ಬರುತ್ತವೆ. ಗರ್ಭಾವಧಿಯು ಸುಮಾರು 150 ದಿನಗಳಾದುದರಿಂದ ಮರಿಗಳು ಹುಟ್ಟುವುದು ವಸಂತದ ಆಸುಪಾಸಿನಲ್ಲಿ, ಎಳೆಯ ಹುಲ್ಲು ಚಿಗುರುವ ಹೊತ್ತಿಗೆ. ಮರಿ ಹಾಕಿದ ಮೊದಲ ಕೆಲವು ವಾರಗಳಲ್ಲಿ ಹಾಲು ಏರುತ್ತದೆ. ಆಮೇಲೆ ಮೆಲ್ಲಮೆಲ್ಲನೆ ಇಳಿಯುತ್ತದೆ. ಮುಂದಿನ ಸೂಲಿಗೆ ಮೊದಲು ಸುಮಾರು ಎರಡು ತಿಂಗಳು ಕರೆಯುವುದನ್ನೇ ನಿಲ್ಲಿಸುತ್ತಾರೆ. ಹಿಂಡಿನ ಮೇಕೆಗಳೆಲ್ಲ ಒಂದೇ ಕಾಲದಲ್ಲಿ ಮರಿ ಹಾಕುವುದರಿಂದ ಬತ್ತುವುದೂ ಒಂದೇ ಕಾಲದಲ್ಲಿ.

ಹೋಲಿಕೆಗಾಗಿ ನಮ್ಮ ನಾಡನ್ನು ನೋಡಬಹುದು. 13 ಡಿಗ್ರಿ ಅಕ್ಷಾಂಶದ ಬೆಂಗಳೂರಿನಲ್ಲಿ ಅತಿ ದೀರ್ಘ ಹಗಲಿಗೂ ಅತಿ ಹ್ರಸ್ವ ಹಗಲಿಗೂ ಅಂತರವು ಒಂದೂವರೆ ಗಂಟೆಯಷ್ಟೆ. ಆದುದರಿಂದ ನಮ್ಮ ಮೇಕೆಗಳು ಹಗಲಿನ ಉದ್ದಕ್ಕೆ ಅಷ್ಟಾಗಿ ಕಟ್ಟುಬಿದ್ದಿಲ್ಲ; ಮೇವು ದೊರೆತರೆ ವರ್ಷದ ಬೇರೆ ಬೇರೆ ಕಾಲಗಳಲ್ಲಿ ಮರಿ ಹಾಕುವುದುಂಟು.

ಅಮೆರಿಕದ ರೈತನ ಕಷ್ಟವು ಈಗ ಸ್ಪಷ್ಟವಾಗುತ್ತದೆ. ಚಳಿಗಾಲದಲ್ಲಿ ಅವನ ಮೇಕೆಗಳು ಹಾಲು ಕೊಡುವುದಿಲ್ಲ; ಆದರೆ ಒಣಹುಲ್ಲು ತಿನ್ನುವುದನ್ನು ಬಿಡುವುದಿಲ್ಲ. ವೆಚ್ಚವೆಲ್ಲ ಮೊದಲು, ವರಮಾನ ಆಮೇಲೆ. ನಡುವಣ ತಿಂಗಳುಗಳನ್ನು ದಾಟಲು ಅವನು ಸಾಲ ಮಾಡಬೇಕು, ಇಲ್ಲವೆ ಪಾಲುದಾರರಿಂದ ಮುಂಗಡ ಪಡೆಯಬೇಕು.

ಹಾಲು ಚೀಸಾಗುವ ಬಗೆ

ಹಣದ ವಿಷಯದಲ್ಲಿ ಪಾಲು ಮಾಡುವ ಕೆಲಸವನ್ನು ಹಾಲಿನ ವಿಷಯದಲ್ಲಿ ಚೀಸು ಮಾಡುತ್ತದೆ. ಒಂದೆರಡು ದಿನಗಳಲ್ಲಿ ಕೆಡುವ ಹಾಲನ್ನು ವಾರಗಳ ಕಾಲ, ಕೆಲವೊಮ್ಮೆ ತಿಂಗಳುಗಳ ಕಾಲ, ಉಳಿಸುವ ಉಪಾಯವದು. ಕೆಲವು ಪುಸ್ತಕಗಳಲ್ಲಿ ಚೀಸನ್ನು ‘ಗಿಣ್ಣು’ ಎಂದು ಕರೆದಿರುವುದುಂಟು. ಈದ ಹಸುವಿನ ಮೊದಲ ಹಾಲಿನಿಂದ ಮಾಡುವ ನಮ್ಮ ಗಿಣ್ಣು ಬೇರೆ, ಚೀಸು ಬೇರೆ.

ಹಾಲಿನಲ್ಲಿ ಕೇಸೀನ್ ಎಂಬ ಪ್ರೋಟೀನು ಬರಿಗಣ್ಣಿಗೆ ಕಾಣದ ಸಣ್ಣ ಸಣ್ಣ ಉಂಡೆಗಳ ರೂಪದಲ್ಲಿ ತೇಲುತ್ತಿರುತ್ತದೆ. ಈ ಉಂಡೆಗಳ ಮೇಲ್ಮೈಯಲ್ಲಿ ಋಣ ವಿದ್ಯುದಂಶವಿರುವುದರಿಂದಲೂ, ರೋಮಗಳಂತೆ ಹೊರಚಾಚಿದ ಪ್ರೋಟೀನಿನ ಎಳೆಗಳಿರುವುದರಿಂದಲೂ ಅವು ಒಂದಕ್ಕೊಂದು ಅಂಟಿಕೊಳ್ಳಲಾರವು. ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವನ್ನಾಗಿ ಪರಿವರ್ತಿಸುತ್ತವೆ. ಸುಮಾರು 6.6ರಷ್ಟಿದ್ದ ಹಾಲಿನ ಪಿ.ಎಚ್. ಮೌಲ್ಯವು 4.6ಕ್ಕೆ ಇಳಿದಾಗ ಉಂಡೆಗಳ ಒಟ್ಟು ವಿದ್ಯುದಂಶವು ಸೊನ್ನೆಯಾಗುತ್ತದೆ. ವಿಕರ್ಷಣೆ ಅಡಗಿ ಅವು ಪರಸ್ಪರ ಹೆಣೆದುಕೊಂಡು ಬಲೆಯಂತಾಗುತ್ತವೆ. ನಮ್ಮ ಮನೆಯ ಮೊಸರಿನಲ್ಲಿ ನಡೆಯುವುದೂ ಇದೇ. ಮೇಕೆಯ ಮೆದು ಚೀಸಿಗೆ ಇದರೊಡನೆ ರೆನ್ನೆಟ್ ಎಂಬ ಕಿಣ್ವದ ಕೆಲವು ಹನಿಗಳನ್ನು ಸೇರಿಸುವುದುಂಟು. ಅದು ಉಂಡೆಗಳ ಮೇಲಿನ ರೋಮಗಳನ್ನು ಕತ್ತರಿಸುತ್ತದೆ. ಆಮೇಲೆ ಗಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ ನೀರನ್ನು ಬಸಿಯುತ್ತಾರೆ. ಶ್ರೀಖಂಡಕ್ಕಾಗಿ ಮೊಸರನ್ನು ಕಟ್ಟುವ ಮನೆಗಳವರಿಗೆ ಈ ಕ್ರಮವನ್ನು ವಿವರಿಸಬೇಕಾಗಿಲ್ಲ. ಕೊನೆಗೆ ಉಪ್ಪು ಬೆರೆಸಿದರೆ ಚೀಸು ಸಿದ್ಧ.

ಮೇಕೆಯ ಹಾಲಿಗೆ ತನ್ನದೇ ಆದ ಕೆಲವು ಗುಣಗಳಿವೆ. ದ್ರವದಲ್ಲಿ ಸಣ್ಣ ಗೋಳವು ಮೇಲೇರುವ ವೇಗವು ಅದರ ತ್ರಿಜ್ಯದ ವರ್ಗಕ್ಕೆ ಅನುಪಾತದಲ್ಲಿರುವುದೆಂದು ಸ್ಟೋಕ್ಸನ ನಿಯಮವು ತಿಳಿಸುತ್ತದೆ. ಮೇಕೆಯ ಹಾಲಿನ ಕೊಬ್ಬಿನ ಗೋಳಗಳು ಹಸುವಿನ ಹಾಲಿನವಕ್ಕಿಂತ ಸರಾಸರಿಯಲ್ಲಿ ಸಣ್ಣವು, ಗುಂಪುಗೂಡುವುದೂ ಕಡಮೆ. ಆದುದರಿಂದ ಕೆನೆ ಬೇಗನೆ ಮೇಲೆ ಕಟ್ಟದೆ, ಹಾಲು ಇರುಳೆಲ್ಲ ಹೆಪ್ಪಾಗುತ್ತಿದ್ದರೂ ಕೊಬ್ಬು ಸಮವಾಗಿ ಹರಡಿಕೊಂಡಿರುತ್ತದೆ. ಮೇವಿನ ಹಳದಿ ಕ್ಯಾರೊಟೀನನ್ನು ಮೇಕೆಯ ದೇಹವು ‘ಎ’ ಜೀವಸತ್ವವಾಗಿ ಮಾರ್ಪಡಿಸುವುದರಿಂದ ಚೀಸು ಅಚ್ಚಬಿಳುಪು. ಅದರ ವಿಶಿಷ್ಟ ವಾಸನೆಗೆ ಮುಖ್ಯ ಕಾರಣ ಕೆಲವು ಕೊಬ್ಬಿನ ಆಮ್ಲಗಳು. ಅವುಗಳ ಪೈಕಿ ಕೆಪ್ರೋಯಿಕ್, ಕೆಪ್ರಿಲಿಕ್, ಕೆಪ್ರಿಕ್ ಎಂಬ ಮೂರರ ಹೆಸರುಗಳಲ್ಲಿಯೂ ಮೇಕೆಯನ್ನು ಸೂಚಿಸುವ ‘ಕಾಪ್ರ’ ಎಂಬ ಲ್ಯಾಟಿನ್ ಶಬ್ದವು ಅಡಗಿದೆ.

ಮಾಲ್ಟಾ ದ್ವೀಪದ ಪಾಠ

ಪರಿಚಿತ ರೈತನ ಚೀಸೆಂದ ಮಾತ್ರಕ್ಕೆ ಅದು ನಿರಪಾಯಕರವೆಂದು ನಂಬಬಹುದೇ? ಇತಿಹಾಸವು ಎಚ್ಚರಿಕೆ ಕೊಡುತ್ತದೆ. ಮಾಲ್ಟಾ ದ್ವೀಪದಲ್ಲಿದ್ದ ಬ್ರಿಟಿಷ್ ಸೈನಿಕರನ್ನು ದೀರ್ಘಕಾಲದ ಜ್ವರವೊಂದು ಕಾಡುತ್ತಿತ್ತು. ಸೇನಾ ವೈದ್ಯನಾದ ಡೇವಿಡ್ ಬ್ರೂಸ್ 1887ರಲ್ಲಿ ಅದರ ರೋಗಾಣುವನ್ನು ಗುರುತಿಸಿದನು. ಅದು ಎಲ್ಲಿಂದ ಬರುತ್ತದೆಂಬುದು ಮಾತ್ರ 1905ರವರೆಗೆ ತಿಳಿಯಲಿಲ್ಲ. ಆ ವರ್ಷ ಥೆಮಿಸ್ಟೊಕ್ಲಿಸ್ ಝಾಮಿಟ್ ಎಂಬ ಮಾಲ್ಟಾದ ವೈದ್ಯನು ಮೇಕೆಗಳ ರಕ್ತವನ್ನು ಪರೀಕ್ಷಿಸಿ, ನೋಡಲು ಆರೋಗ್ಯವಾಗಿಯೇ ಇದ್ದ ಮೇಕೆಗಳಲ್ಲಿ ಸೋಂಕಿರುವುದನ್ನು ತೋರಿಸಿದನು. 1906ರಲ್ಲಿ ಸೈನಿಕರಿಗೆ ಮೇಕೆಯ ಹಾಲನ್ನು ನಿಷೇಧಿಸಿದೊಡನೆ ಅವರಲ್ಲಿ ಜ್ವರವು ಬಹುವಾಗಿ ತಗ್ಗಿತು. ಬ್ರುಸೆಲೋಸಿಸ್ ಎಂದು ಈಗ ಕರೆಯುವುದು ಈ ರೋಗವನ್ನೇ.

ಹಾಲನ್ನು 63 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 30 ನಿಮಿಷ, ಅಥವಾ 72 ಡಿಗ್ರಿಯಲ್ಲಿ 15 ಸೆಕೆಂಡು ಇಟ್ಟರೆ ಇಂಥ ರೋಗಾಣುಗಳು ಸಾಯುತ್ತವೆ. ಇದೇ ಪಾಶ್ಚರೀಕರಣ. ಕಾಯಿಸದ ಹಾಲಿನ ಚೀಸನ್ನು ಮಾರಬೇಕಾದರೆ 1.7 ಡಿಗ್ರಿಗೆ ಕಡಮೆಯಿಲ್ಲದ ಉಷ್ಣತೆಯಲ್ಲಿ ಕನಿಷ್ಠಪಕ್ಷ 60 ದಿನ ಹಣ್ಣುಮಾಡಬೇಕೆಂದು ಅಮೆರಿಕದ ಕೇಂದ್ರ ಸರ್ಕಾರದ ನಿಯಮವಿದೆ. ಚೀಸು ಹಣ್ಣಾಗುತ್ತಿರುವಾಗ ಅದರ ಆಮ್ಲವೂ ಉಪ್ಪೂ ರೋಗಾಣುಗಳನ್ನು ಅಡಗಿಸುತ್ತವೆಂಬುದು ಇದರ ಆಧಾರ. ಆದರೆ ಲಿಸ್ಟೀರಿಯದಂಥ ಕೆಲವು ರೋಗಾಣುಗಳು 60 ದಿನಗಳ ಅನಂತರವೂ ಬದುಕಿರಬಲ್ಲವೆಂದು ಪ್ರಯೋಗಗಳು ತೋರಿಸಿವೆ. ಗರ್ಭಿಣಿಯರಿಗೆ ಲಿಸ್ಟೀರಿಯ ವಿಶೇಷವಾಗಿ ಅಪಾಯಕರ. ಆದಕಾರಣ ಪಾಲು ಕೊಳ್ಳುವವನು ಬೆಲೆಯನ್ನು ಕೇಳುವುದಕ್ಕೆ ಮೊದಲು ಹಾಲನ್ನು ಪಾಶ್ಚರೀಕರಿಸಿದೆಯೇ, ಹಿಂಡನ್ನು ರೋಗಪರೀಕ್ಷೆಗೆ ಒಳಪಡಿಸಿದೆಯೇ ಎಂದು ಕೇಳತಕ್ಕದ್ದು. ರೈತನ ಕೊಟ್ಟಿಗೆಗೆ ಹೋಗಿ ಕಣ್ಣಾರೆ ನೋಡುವ ಅವಕಾಶ ಅಂಗಡಿಯ ಗ್ರಾಹಕನಿಗಿಲ್ಲ, ಪಾಲುದಾರನಿಗುಂಟು. ಆದರೂ ಝಾಮಿಟ್ಟನ ಮೇಕೆಗಳು ಕಣ್ಣಿಗೆ ಆರೋಗ್ಯವಾಗಿಯೇ ಕಂಡಿದ್ದವೆಂಬುದನ್ನು ಮರೆಯಬಾರದು.

ಭಾರದ ಹಂಚಿಕೆ

ಭಾರವಾದ ತೊಲೆಯನ್ನು ಒಂದೇ ಕಂಬದ ಮೇಲಿಟ್ಟರೆ ಕಂಬ ಕುಸಿಯಬಹುದು. ನೂರು ಕಂಬಗಳ ಮೇಲಿಟ್ಟರೆ ತೊಲೆಯ ಭಾರವು ಒಂದಿಷ್ಟೂ ಕಡಮೆಯಾಗದಿದ್ದರೂ ಪ್ರತಿಯೊಂದು ಕಂಬವೂ ಅದನ್ನು ತಡೆದೀತು. ನಮ್ಮ ಉದಾಹರಣೆಯ ಹಿಂಡಿಗೆ ರೋಗ ತಗಲಿ ಎರಡು ವಾರಗಳ ಚೀಸು ನಷ್ಟವಾಯಿತೆನ್ನೋಣ. ಸುಮಾರು 116 ಕಿಲೋಗ್ರಾಂ ನಷ್ಟವನ್ನು ಒಬ್ಬನೇ ಹೊತ್ತರೆ ಆ ವರ್ಷ ರೈತನು ಹಿಂಡನ್ನೇ ಮಾರಬೇಕಾದೀತು. ನೂರು ಕುಟುಂಬಗಳು ಹಂಚಿಕೊಂಡರೆ ತಲಾ ಒಂದು ಕಿಲೋಗ್ರಾಮಿಗಿಂತ ತುಸು ಹೆಚ್ಚು.

ಈ ಏರ್ಪಾಡಿನಲ್ಲಿ ಕೊರತೆಗಳೂ ಇವೆ. ಋತುವಿನ ಹಣವನ್ನೆಲ್ಲ ಒಂದೇ ಸಲಕ್ಕೆ ಕೊಡುವುದು ಬಡ ಕುಟುಂಬಕ್ಕೆ ಕಷ್ಟ. ಟೆಂಪಲ್-ವಿಲ್ಟನ್ನಿನ ಸದಸ್ಯರು ವರ್ಷದ ವೆಚ್ಚವನ್ನು ಸಭೆಯಲ್ಲಿ ಮುಂದಿಟ್ಟುಕೊಂಡು, ಅವರವರ ಶಕ್ತಿಗೆ ತಕ್ಕಂತೆ ಹಣವನ್ನು ವಾಗ್ದಾನ ಮಾಡುವ ಕ್ರಮವನ್ನು ಅನುಸರಿಸಿದರು. ಇನ್ನು ಮುಂಗಡ ಪಡೆದ ರೈತನು ಲೆಕ್ಕವನ್ನು ತೆರೆದಿಡದಿದ್ದರೆ ಪಾಲುದಾರನಿಗೆ ಬೇರೆ ರಕ್ಷಣೆಯಿರುವುದು ಅಲ್ಪ. ಆದುದರಿಂದ ಪಾಲು ಕೊಳ್ಳಬಯಸುವವನು, ಕಳೆದ ಋತುವಿನಲ್ಲಿ ವಾರವಾರವೂ ಪಾಲಿಗೆ ಎಷ್ಟು ಗ್ರಾಂ ಬಂದಿತ್ತೆಂಬ ಪಟ್ಟಿಯನ್ನು ಕೇಳಿ ಪಡೆದು, ಅದರ ರೇಖಾಚಿತ್ರವನ್ನು ಒಮ್ಮೆ ಬರೆದು ನೋಡುವುದು ಒಳ್ಳೆಯದು. ವಸಂತದಲ್ಲಿ ಏರಿ, ಚಳಿಗಾಲದ ಹೊತ್ತಿಗೆ ಸೊನ್ನೆಗೆ ಇಳಿಯುವ ಆ ಗೆರೆಯನ್ನು ಒಪ್ಪಿಕೊಳ್ಳಬಲ್ಲವನು ಪಾಲುದಾರನಾಗಬಹುದು. ವರ್ಷವೆಲ್ಲ ಒಂದೇ ಸಮನಾದ ಗೆರೆಯನ್ನು ಬಯಸುವವನಿಗೆ ಅಂಗಡಿಯೇ ಮೇಲು.