42 ದಿನಗಳ ಲೆಕ್ಕ

ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ಒಂದು ಆರೋಗ್ಯ ಉಪಕೇಂದ್ರದ ಕಿಟಕಿ, ಕುರ್ಚಿ, ಕ್ಯಾಲೆಂಡರ್ ಎಲ್ಲಕ್ಕೂ ಅದಿರಿನ ಕೆಂಧೂಳು. ಒಳಗೆ ಆಶಾ ಕಾರ್ಯಕರ್ತೆಯೊಬ್ಬರು ಡೈರಿ ಬಿಚ್ಚಿಕೊಂಡು ಕೂತಿದ್ದರು. ಅವರ ಮಾತು ಕೇಳುತ್ತಲೇ ಹೊತ್ತು ಇಳಿಯಿತು.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬೊಬ್ಬರಾಗಿ ತೀರಿಕೊಂಡರು. ಅವರಿಗೆ ಏರಿಸಿದ್ದ ಐವಿ ದ್ರಾವಣದ ಮೇಲೆ ಶಂಕೆ ಬಂದು ರಾಜ್ಯವೇ ಬೆಚ್ಚಿತು.

ಆದರೆ ಸುದ್ದಿಯಾಗದ ಬಾಣಂತಿಯರ ಸಾವುಗಳ ಕಾರಣಗಳು ಹಳೆಯವೇ: ಹೆರಿಗೆಯ ನಂತರದ ರಕ್ತಸ್ರಾವ, ಏರಿದ ರಕ್ತದೊತ್ತಡ, ನಂಜು. ಅವುಗಳ ಬೆನ್ನಿಗೇ ರಕ್ತಹೀನತೆ. ಬಸುರಿಗೆ ಹಿಮೋಗ್ಲೋಬಿನ್ 11 ಗ್ರಾಂ ಇರಬೇಕು. 7ಕ್ಕಿಂತ ಇಳಿದವಳಿಗೆ ಸ್ವಲ್ಪ ರಕ್ತ ಹೋದರೂ ಜೀವಕ್ಕೆ ಅಪಾಯ. ‘ಕಾರಣ ರಕ್ತಸ್ರಾವ ಅಂತ ಬರೀತಾರ್ರಿ. ಆಕಿ ಮೈಯಾಗ ಮೊದ್ಲೇ ರಕ್ತ ಇರಲಿಲ್ಲ ಅನ್ನೋದು ಎಲ್ಲಿ ಬರೀಬೇಕು?’ ಎಂದರು ಆ ಆಶಾ ಕಾರ್ಯಕರ್ತೆ. ಕಬ್ಬಿಣದ ಮಾತ್ರೆ ಕೊಟ್ಟು ಬಂದರೆ ಸಾಲದು, ಚಹಾದ ಜೊತೆ ನುಂಗಬೇಡ ಎಂದು ಮನೆಮನೆಗೂ ಹೇಳಬೇಕಂತೆ.

ಅವರ ದೊಡ್ಡ ಸಂಕಟ ತವರಿನದು. ಏಳನೇ ತಿಂಗಳವರೆಗೆ ಇವರು ಕಣ್ಣಲ್ಲಿಟ್ಟು ನೋಡಿದ ಹುಡುಗಿ ಚೊಚ್ಚಲ ಹೆರಿಗೆಗೆ ತವರಿಗೆ ಹೊರಡುತ್ತಾಳೆ. ಬಿಪಿ ಏರಿದ್ದು, ರಕ್ತ ಇಳಿದದ್ದು ಬರೆದಿರುವ ತಾಯಿ ಕಾರ್ಡ್ ಮಾತ್ರ ಗಂಡನ ಮನೆಯ ಟ್ರಂಕಿನಲ್ಲೇ ಉಳಿಯುತ್ತದೆ. ತವರೂರಿನ ನರ್ಸ್‌ಗೆ ಎಲ್ಲವೂ ಹೊಸದು.

ಈ ಆಶಾ ಕಾರ್ಯಕರ್ತೆಯ ಅತ್ತೆ ಸೂಲಗಿತ್ತಿಯಾಗಿದ್ದರಂತೆ. ಸೂಲಗಿತ್ತಿಯ ಜಾಗಕ್ಕೆ ಆಸ್ಪತ್ರೆ ಹೆರಿಗೆ ಬಂದದ್ದು ಒಳ್ಳೆಯದೇ. ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಕ್ಕೆ 2011–13ರಲ್ಲಿ 133 ಇದ್ದ ತಾಯಂದಿರ ಸಾವು 2018–20ಕ್ಕೆ 69ಕ್ಕೆ ಇಳಿದಿತ್ತು. ಆದರೂ ಅದೇ ಹೊತ್ತಿಗೆ ಕೇರಳದಲ್ಲಿ ಅದು 19. ಆದರೆ ಸೂಲಗಿತ್ತಿಯ ಜೊತೆ ಹೋದದ್ದು ಬಾಣಂತಿಯ ಪಕ್ಕ ದಿನಗಟ್ಟಲೆ ಕೂರುವ ಜೀವ. ಅದಕ್ಕೆ ನನಗೆ ನೋವಿದೆ. ‘ಕೂಸಿನ ಮಕ ನೋಡಿ ಎಲ್ಲಾರೂ ತಾಯೀನ ಮರೀತಾರ್ರಿ’ ಎಂದರು ಈ ಸೊಸೆ.

ಹೆರಿಗೆಯಾಗಿ 42 ದಿನ ಕಳೆಯುವವರೆಗೂ ತಾಯಿಯ ಮೇಲೆ ಕಣ್ಣಿರಬೇಕು. ಜ್ವರ, ತಲೆಸಿಡಿತ, ನಿಲ್ಲದ ರಕ್ತ ಕಂಡರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ. ಮಗಳು ತವರಿಗೆ ಹೊರಡುವಾಗ ಸೀರೆಗಿಂತ ಮೊದಲು ಅವಳ ಚೀಲದಲ್ಲಿ ತಾಯಿ ಕಾರ್ಡ್ ಇಡಿ.