ಮಂಕಾಗುವ ನಕ್ಷತ್ರದ ಲೆಕ್ಕ

"ಏನಯ್ಯಾ, ತಾರಸಿ ಮೇಲೆ ಕೂತು ನಕ್ಷತ್ರ ಎಣಿಸ್ತಿದ್ದೀಯಾ?" ಅಂತ ಹಾಸ್ಟೆಲಿನ ಗೆಳೆಯರು ನಗುತ್ತಿದ್ದರು. ನಿಜ ಹೇಳಬೇಕೆಂದರೆ ನಾನು ಎಣಿಸುತ್ತಿದ್ದುದು ಒಂದೇ ಒಂದು ನಕ್ಷತ್ರದ ಸುತ್ತುಗಳನ್ನು. ಅದರ ಹೆಸರು ಅಲ್ಗೋಲ್. ಅರಬ್ಬೀ ಮಾತಿನಲ್ಲಿ ಭೂತದ ತಲೆ ಎಂದರ್ಥ. ಡಿಸೆಂಬರಿನಲ್ಲಿ ಪುಣೆಯ ಹೊರವಲಯದ ನಮ್ಮ ತಾರಸಿಯಿಂದ, ಕೃತ್ತಿಕೆಯ ಉತ್ತರಕ್ಕೆ ಕಣ್ಣು ಹಾಯಿಸಿದರೆ ಸಿಗುತ್ತದೆ.

ನೋಡಲು ಒಂದೇ ಚುಕ್ಕಿ. ಆದರೆ ಅಲ್ಲಿ ಒಂದನ್ನೊಂದು ಸುತ್ತುವ ಜೋಡಿ ನಕ್ಷತ್ರಗಳಿವೆ. ಮಂದವಾದದ್ದು ಪ್ರಕಾಶದ ತಾರೆಗೆ ಅಡ್ಡ ಬಂದಾಗ ನಮಗೆ ಗ್ರಹಣ. ಸುಮಾರು ಐದು ಗಂಟೆ ಬೆಳಕು ಇಳಿಯುತ್ತಾ ಹೋಗಿ, ಮೂರರಲ್ಲೊಂದು ಪಾಲಿಗಿಂತಲೂ ತುಸು ಕಡಿಮೆಯಾಗಿ, ಮತ್ತೆ ಐದು ಗಂಟೆಯಲ್ಲಿ ಏರುತ್ತದೆ. ಒಂದು ಗ್ರಹಣದ ನಡುಹೊತ್ತಿನಿಂದ ಮುಂದಿನದರ ನಡುಹೊತ್ತಿಗೆ ಎಷ್ಟು ಕಾಲವೋ ಅದೇ ಜೋಡಿಯ ಒಂದು ಸುತ್ತು.

ನಡುಹೊತ್ತನ್ನು ಕಂಡುಹಿಡಿಯೋದು ಹೇಗೆ? ತಳದಲ್ಲಿ ಬೆಳಕು ಬದಲಾಗುವುದೇ ಕಣ್ಣಿಗೆ ತಿಳಿಯದು. ಅದಕ್ಕೆ ಪಕ್ಕದ, ಮಾರ್ಪಾಡಿಲ್ಲದ ತಾರೆಯೊಂದನ್ನು ಗುರುತಿಟ್ಟುಕೊಂಡೆ. ಮೊದಲ ರಾತ್ರಿ ಅಲ್ಗೋಲ್ ಇಳಿಯುತ್ತಾ 9-30ಕ್ಕೆ ಅದಕ್ಕೆ ಸಮನಾಯಿತು. ಏರುತ್ತಾ 11-50ಕ್ಕೆ ಮತ್ತೆ ಸಮನಾಯಿತು. ಎರಡರ ಮಧ್ಯೆ 10-40. ಅದನ್ನೇ ಬರೆದುಕೊಂಡೆ.

ಮೂರನೆಯ ದಿನ ಮುಂದಿನ ಗ್ರಹಣ. ಇಳಿತವೆಲ್ಲ ಹಗಲಲ್ಲೇ ಕಳೆದಿತ್ತು. ಏರಿಕೆಯನ್ನಷ್ಟೇ ನೋಡಿ ನಡುಹೊತ್ತು ಸಂಜೆ 7 ಎಂದು ಅಂದಾಜು ಮಾಡಿದೆ. ಅಂದರೆ ಸುತ್ತಿಗೆ 68 ಗಂಟೆ 20 ನಿಮಿಷ. ಲೈಬ್ರರಿಯ ಪುಸ್ತಕ ತೆರೆದರೆ 68 ಗಂಟೆ 49 ನಿಮಿಷ! ಹತ್ತಿರ ಹತ್ತಿರ ಅರ್ಧ ಗಂಟೆಯ ತಪ್ಪು. ಕೈಯಲ್ಲಿ ಪೆನ್ಸಿಲ್ ಇತ್ತು, ಪಕ್ಕದಲ್ಲಿ ರಬ್ಬರೂ ಇತ್ತು. 7ನ್ನು 7-29 ಮಾಡಿಬಿಟ್ಟರೆ ಯಾರು ಕೇಳುತ್ತಾರೆ ಅನ್ನಿಸಿದ್ದು ಸುಳ್ಳಲ್ಲ. ಆದರೆ ಹಾಗೆ ಮಾಡಿದರೆ ಪುಸ್ತಕವನ್ನು ನಕಲು ಮಾಡಿದಂತಾಯಿತೇ ಹೊರತು ನಕ್ಷತ್ರ ನೋಡಿದಂತಾಗಲಿಲ್ಲ. ಬಿಟ್ಟುಬಿಟ್ಟೆ.

ಮೊದಲ ರಾತ್ರಿಯಿಂದ 43 ದಿನ ಕಳೆದ ಮೇಲೆ, ಜನವರಿಯಲ್ಲಿ, ಇನ್ನೊಂದು ಗ್ರಹಣ ಸಿಕ್ಕಿತು. ನಡುಹೊತ್ತು 10-20. ಒಟ್ಟು ಅಂತರ 1031 ಗಂಟೆ 40 ನಿಮಿಷ. ಈ ನಡುವೆ ಎಷ್ಟು ಸುತ್ತು ಮುಗಿದಿರಬೇಕು? 14 ಎಂದರೆ ಸುತ್ತಿಗೆ ಸುಮಾರು 73 ಮುಕ್ಕಾಲು ಗಂಟೆ, 16 ಎಂದರೆ 64 ಅರೆ ಗಂಟೆ. ಎರಡೂ ನನ್ನ ಮೊದಲ ಒರಟು ಲೆಕ್ಕಕ್ಕೆ ಹೊಂದುವುದಿಲ್ಲ. ಹೊಂದುವುದು 15 ಮಾತ್ರ. ಭಾಗಿಸಿದೆ: 68 ಗಂಟೆ 46 ನಿಮಿಷ 40 ಸೆಕೆಂಡು. ತಪ್ಪು ಎರಡು ಚಿಲ್ಲರೆ ನಿಮಿಷಕ್ಕೆ ಇಳಿದಿತ್ತು!

ಗಡಿಯಾರ ಅದೇ, ಕಣ್ಣೂ ಅದೇ. ಎರಡು ತುದಿಗಳಲ್ಲಿ ನಾನು ಮಾಡಿದ ತಪ್ಪು 15 ಸುತ್ತುಗಳಿಗೆ ಹಂಚಿಹೋಯಿತು, ಅಷ್ಟೆ. ನಾಚಿಕೊಂಡು ಅಳಿಸಬೇಕೆಂದಿದ್ದ ಆ ಒರಟು ಅಂಕಿಯೇ ಸುತ್ತುಗಳನ್ನು ಎಣಿಸಿಕೊಟ್ಟಿತು ನೋಡಿ.

ಇದೇ ತಾರೆಯನ್ನು 1782ರಲ್ಲಿ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಜಾನ್ ಗುಡ್‌ರಿಕ್ ಎಂಬ ಕಿವುಡ ಹುಡುಗ ಬರಿಗಣ್ಣಿನಿಂದ ನೋಡತೊಡಗಿದ. ಆಗ ಅವನಿಗೆ 18 ವರ್ಷ, ಹೆಚ್ಚುಕಡಿಮೆ ನಮ್ಮದೇ ವಯಸ್ಸು. ಮರುವರ್ಷ ರಾಯಲ್ ಸೊಸೈಟಿಗೆ ಅವನು ತಿಳಿಸಿದ ಅವಧಿ ಇಂದಿನ ಅಳತೆಗೆ ಕೆಲವೇ ನಿಮಿಷಗಳ ದೂರದಲ್ಲಿತ್ತು. ಕಪ್ಪು ಕಾಯವೊಂದು ಅಡ್ಡ ಬರುತ್ತಿರಬಹುದು ಎಂಬ ಊಹೆಯೂ ಅವನದಿತ್ತು. ಆ ವರ್ಷದ ಕಾಪ್ಲಿ ಪದಕ ಅವನಿಗೆ ಸಂದಿತು. 1786ರಲ್ಲಿ, 21ರ ವಯಸ್ಸಿಗೇ ತೀರಿಕೊಂಡ. ಜೋಡಿ ಇರುವುದು ನಿಜವೆಂದು 1889ರಲ್ಲಿ ಜರ್ಮನಿಯ ವೋಗೆಲ್ ಬೆಳಕಿನ ರೋಹಿತದಿಂದ ತೋರಿಸಿಕೊಟ್ಟಾಗ ಕೇಳಲು ಆತ ಇರಲಿಲ್ಲ.

ಈಗ ಗೆಳೆಯರು ನಕ್ಕರೆ ನನಗೇನೂ ಬೇಸರವಿಲ್ಲ. ಬರುವ ಚಳಿಗಾಲಕ್ಕೆ ತಾರಸಿಗೆ ನೀವೂ ಬನ್ನಿ. ಕಂಬಳಿ, ಕೈಗಡಿಯಾರ, ಒಂದು ನೋಟ್‌ಬುಕ್ಕು ಸಾಕು. ರಬ್ಬರ್ ಮಾತ್ರ ರೂಮಿನಲ್ಲೇ ಬಿಟ್ಟು ಬನ್ನಿ.